ಮುಂದುಳಿದವಳು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ವಾಸನೆಯಿಂದ ಮಾಡೋಣ ಅಂದುಕೊಂಡೆ. ನಾನು ಚಿಕ್ಕವಳಾಗಿದ್ದಾಗ ಬೂಕನಕೆರೆಯಲ್ಲಿ ಭತ್ತದ ಪೈರು ಕಿತ್ತು, ಬೇರು ತೊಳೆದು, ಕಟ್ಟು ಕಟ್ಟಿ ಬದುವಿನ ಮೇಲೆ ಇಡುತ್ತಿದ್ದರು. ಆ ವಾಸನೆ. ಅರ್ಧ ಹಸಿರು, ಅರ್ಧ ಕೆಸರು. (ವಾಸನೆಯಿಂದ ಶುರುವಾಗುವ ಕಥೆಗಳನ್ನು ನೀವು ಬೇಕಾದಷ್ಟು ಓದಿದ್ದೀರಿ. ಗೊತ್ತು. ಆದರೆ ಇದು ಮುಂದೆ ಕೆಲಸಕ್ಕೆ ಬರಬಹುದು, ಇರಲಿ.)

ಬೇಡವೆಂದರೆ ಪಾಠದಿಂದ ಶುರು ಮಾಡಬೇಕು.

2

ಪಾಠದಿಂದ. 1996ರ ಆಗಸ್ಟ್. ಅಕ್ಕಿಹೆಬ್ಬಾಳಿನ ಆಚೆ ಒಂದು ಹೈಸ್ಕೂಲು. ಕನ್ನಡ ಮೇಷ್ಟ್ರು ರಜೆ ಹಾಕಿದ್ದರಿಂದ, ರಿಟೈರ್ ಆಗಿ ಮನೆಯಲ್ಲಿದ್ದ ನನ್ನನ್ನು ಕೆಲವು ದಿನಕ್ಕೆ ಕರೆದಿದ್ದರು. ಅದು ಸೋಮವಾರ, ಒಂಬತ್ತನೇ ಕ್ಲಾಸಿಗೆ ಲೀಡರ್ ಆರಿಸುವ ದಿನ. ಅದಕ್ಕೆ ಮೊದಲು ನಾಯಕತ್ವದ ಬಗ್ಗೆ ಎರಡು ಮಾತು ಹೇಳಿ ಅಂದರು ಹೆಡ್‌ಮಾಸ್ಟರು.

ನಾಯಕ ಅಂದರೆ ಮಕ್ಕಳಿಗೆ ಸಿನಿಮಾದವನು. ಲೀಡರ್ ಅಂದರೆ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವನು. ಎರಡೂ ಬೇಡವೆಂದು, ಬೋರ್ಡಿನ ಮೂಲೆಯಲ್ಲಿ 'ಮುಂದಾಳು' ಅಂತ ಬರೆದೆ.

"ನಿಮ್ಮಲ್ಲಿ ಮುಂದಾಳು ಯಾರು?"

ಎಲ್ಲರೂ ಪ್ರಿಯಾಂಕಳ ಕಡೆ ತಿರುಗಿದರು. ಪೋಸ್ಟ್ ಮಾಸ್ಟರ ಮಗಳು, ಓದಿನಲ್ಲೂ ಆಟದಲ್ಲೂ ಮುಂದು. ಆದರೆ ಕೈ ಎತ್ತಿದ್ದು ಕೊನೆ ಬೆಂಚಿನ ಸಿದ್ದಲಿಂಗಮ್ಮ. ಅಜ್ಜಿಯ ಹೆಸರಿಟ್ಟುಕೊಂಡ, ಕೂಲಿ ಮಾಡುವ ಮನೆಯ ಹುಡುಗಿ. ಬೋರ್ಡಿನ ಮೇಲೆ ತನ್ನ ಹೆಸರನ್ನೇ ಬರೆದಿದ್ದಾರೆ ಅನ್ನುವ ಹಾಗಿತ್ತು ಅವಳ ಮುಖ.

"ನಾನೆಯಾ ಮಿಸ್."

"ಅದು ಹೇಗಮ್ಮ?"

"ನಾಟಿ ಮಾಡುವಾಗ ಎಲ್ರೂ ಹಿಂದಿಂದಕ್ಕೆ ಬರ್ತೀವಲ್ಲ ಮಿಸ್. ಬಿರ್ನೆ ನೆಡೋರು ಹಿಂದಕ್ಕೋಗ್ಬುಡ್ತಾರೆ. ನಿಧಾನ್ದೋರು ಮುಂದೇನೇ ಉಳ್ಕತಾರೆ. ಮುಂದುಳ್ಕಂಡ ಆಳು, ಮುಂದಾಳು. ನಮ್ಮವ್ವ ನನ್ನ ಅಂಗೇ ಕರೆಯೋದು."

ಮೊದಲು ನಕ್ಕವಳು ಪ್ರಿಯಾಂಕ. ಆಮೇಲೆ ಇಡೀ ಕ್ಲಾಸು. ಲೀಡರ್ ಪ್ರಿಯಾಂಕಳೇ ಆದಳು. ಸಿದ್ದಲಿಂಗಮ್ಮನನ್ನು ಸಂಜೆ ಗೇಟಿನವರೆಗೂ "ಮುಂದಾಳೂ, ಮುಂದಾಳೂ" ಎಂದು ಕೂಗುತ್ತಾ ಕಳಿಸಿಕೊಟ್ಟರು. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ.

ಅವಳು ಸ್ಕೂಲಿಗೆ ಮತ್ತೆ ಬರುತ್ತಾಳೋ ಇಲ್ಲವೋ. ಕಥೆ ಇಷ್ಟೆ. ಇದಕ್ಕಿಂತ ದೊಡ್ಡದು ಬೇಕಿದ್ದರೆ ನೀವು ಇಲ್ಲೇ ಇಳಿದುಕೊಳ್ಳಬಹುದು.

3 (ಹರಿದು ಹಾಕಿದ್ದು)

ಮುದುಕಿ ಟೀಚರ್ ಕೊಡೆ ಹಿಡಿದು ಹುಡುಗಿಯ ಮನೆಗೆ ಹೋಗುತ್ತಾಳೆ. ವಿದ್ಯೆಯ ಬಗ್ಗೆ ಗಂಭೀರವಾಗಿ ಮಾತಾಡುತ್ತಾಳೆ. ತಾಯಿ ಪುಟ್ಟಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು "ನನ್ನ ಕಣ್ಣು ತೆರೆಸಿದಿರಿ ತಾಯಿ" ಅನ್ನುತ್ತಾಳೆ.

ಪುಟ್ಟಲಕ್ಷ್ಮಮ್ಮ ಈ ವಾಕ್ಯದಲ್ಲಿ ನಿಲ್ಲಲು ಒಪ್ಪಲಿಲ್ಲ.

"ನಾನೆಲ್ಲಿ ಅಂಗಂದೆ? ಸರ್ಯಾಗಿ ಬರ್ಕಳಿ ಟೀಚರಮ್ಮ."

"ಮತ್ತೆ ಏನಂದ್ರಿ?"

"ನಗಾಡಿಸ್ಕಳಕ್ಕೆ ಅಷ್ಟು ದೂರ ಯಾಕೋಗ್ಬೇಕು, ಇಲ್ಲೇ ನಾವು ನಗಾಡ್ತೀವಲ್ಲ ಅಂದೆ. ನಾಟಿ ಮುಗೀಲಿ, ನೋಡಾನ ಅಂದೆ."

ನಿಜ, ಹಾಗೇ ಅಂದದ್ದು. ಬೈಗುಳವೂ ಇರಲಿಲ್ಲ, ಕಣ್ಣೀರೂ ಇರಲಿಲ್ಲ. ಆದರೆ ನಾಟಿ ಮುಗಿದ ಮೇಲೆ ಕಳೆ ಬರುತ್ತದೆ, ಕಳೆ ಆದಮೇಲೆ ಕುಯ್ಲು. ಈ 'ನೋಡಾನ' ಎಷ್ಟು ಹುಡುಗಿಯರನ್ನು ನುಂಗಿದೆ ಅನ್ನುವುದು ಆಯಸ್ಸೆಲ್ಲ ಪಾಠ ಮಾಡಿದವರಿಗೆ ಗೊತ್ತು.

4 (ಇದೂ ನಿಲ್ಲಲಿಲ್ಲ)

ಪ್ರಿಯಾಂಕ ಪಶ್ಚಾತ್ತಾಪಪಟ್ಟು ಕ್ಲಾಸಿನ ಮುಂದೆ ನಿಂತು ಕ್ಷಮೆ ಕೇಳುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

"ಮಿಸ್, ಅವಳೇ ಇಲ್ದೆ ಯಾರಿಗೆ ಸಾರಿ ಹೇಳ್ಲಿ? ಬೆಂಚಿಗಾ?" ಅಂದಳು ಪ್ರಿಯಾಂಕ.

"ಹಾಗಾದರೆ ಏನು ಮಾಡ್ತೀಯ?"

"ಗೊತ್ತಿಲ್ಲ." ಸ್ವಲ್ಪ ಹೊತ್ತು ಉಗುರು ಕಚ್ಚಿದಳು. "ಶನಿವಾರ ಹೇಗೂ ಅರ್ಧ ದಿನ ಅಲ್ವಾ ಮಿಸ್."

(ಈ ಮಾತಿನಿಂದ ಕಥೆ ನನ್ನ ಕೈ ತಪ್ಪಿತು. ನಾನು ಕೊಡೆ ಹಿಡಿದು ಹಿಂದೆ ಹಿಂದೆ ಹೋದೆ, ಅಷ್ಟೆ.)

5

ಶನಿವಾರ. ನಾಲೆಯ ಪಕ್ಕದ ಗದ್ದೆ. ಹೆಂಗಸರು ಸಾಲಾಗಿ ಬಗ್ಗಿ ನೆಡುತ್ತಾ ಹಿಂದಕ್ಕೆ ಬರುತ್ತಿದ್ದರು. ಪ್ರಿಯಾಂಕ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಯೂನಿಫಾರಂ ಲಂಗ ಎತ್ತಿ ಸಿಕ್ಕಿಸಿಕೊಂಡು, ತಾಯಿ ಮಗಳ ನಡುವೆ ಇಳಿದೇಬಿಟ್ಟಳು.

"ಯಾರವ್ವ ಇದು, ಪೋಸ್ಟ್ ಮಾಸ್ಟ್ರು ಮಗ್ಳಾ?" ಅಂದಳೊಬ್ಬಳು.

"ಪೋಸ್ಟು ಗದ್ದೆಗೇ ಬಂದ್ಬುಡ್ತು ನೋಡು," ಅಂದಳು ಇನ್ನೊಬ್ಬಳು.

ಸಿದ್ದಲಿಂಗಮ್ಮ ತಲೆ ಎತ್ತಲಿಲ್ಲ. ಈ ಕೆಲವೇ ದಿನಗಳಲ್ಲಿ ಅವಳ ಕೈ ಚುರುಕಾಗಿತ್ತು. ನೋಡಿ ನನಗೆ ಹೆದರಿಕೆಯಾಯಿತು. ಗದ್ದೆ ಅವಳನ್ನು ಇಟ್ಟುಕೊಳ್ಳಲು ಶುರುಮಾಡಿತ್ತು.

ಪ್ರಿಯಾಂಕ ನೆಟ್ಟ ಪೈರು ಅರ್ಧಕ್ಕರ್ಧ ತೇಲಿತು. ಮತ್ತೆ ಹಿಡಿದು ನೆಟ್ಟಳು. ಅಷ್ಟರಲ್ಲಿ ಸಾಲು ಹಿಂದಕ್ಕೆ ಹೋಗಿತ್ತು. ಅವಳು ಮಾತ್ರ ಮುಂದೆ, ಹಸಿರಿನ ನಡುವೆ, ಮೊಣಕಾಲುದ್ದ ಕೆಸರಿನಲ್ಲಿ ಉಳಿದಿದ್ದಳು.

ಆಗ ಸಿದ್ದಲಿಂಗಮ್ಮ ತಲೆ ಎತ್ತಿದಳು.

"ಏ ಲೀಡ್ರು, ಇವತ್ತು ನೀನೇ ಕಣೇ ಮುಂದಾಳು."

ಸಾಲೆಲ್ಲ ನಕ್ಕಿತು. ಪ್ರಿಯಾಂಕಳೂ ನಕ್ಕಳು, ಮೂಗಿನ ಮೇಲೆ ಕೆಸರು ಇಟ್ಟುಕೊಂಡೇ. ನಗುತ್ತಲೇ ಸಿದ್ದಲಿಂಗಮ್ಮ ಪಕ್ಕಕ್ಕೆ ಕೈ ಚಾಚಿ ಪ್ರಿಯಾಂಕಳ ಪಾಲಿನಲ್ಲಿ ಒಂದಿಷ್ಟನ್ನು ತಾನೇ ನೆಡತೊಡಗಿದಳು. ಆ ಕಡೆಯಿಂದ ಪುಟ್ಟಲಕ್ಷ್ಮಮ್ಮ. ಪ್ರಿಯಾಂಕಳಿಗೆ ಉಳಿದದ್ದು ಕಾಲಿಡುವಷ್ಟು ಅಗಲ. ನೆಡುತ್ತಾ ನೆಡುತ್ತಾ ಅವಳೂ ಸಾಲಿಗೆ ಬಂದು ಸೇರಿದಳು.

(ಇಲ್ಲಿ ನಾಯಕತ್ವದ ಬಗ್ಗೆ ಒಂದು ವಾಕ್ಯ ಇರಬೇಕಿತ್ತು. ಬರೆದೆ. ಹೊಡೆದುಹಾಕಿದೆ.)

6

ಮುಗಿಸಲು ಮೂರು ದಾರಿ ಇವೆ, ಬೇಕಾದ್ದನ್ನು ತೆಗೆದುಕೊಳ್ಳಿ.

ಅ. ಸೋಮವಾರ ಸಿದ್ದಲಿಂಗಮ್ಮ ಬರುತ್ತಾಳೆ. ಮೊದಲ ಬೆಂಚಿನಲ್ಲಿ ಒಬ್ಬಳು ಸರಿದು ಜಾಗ ಬಿಡುತ್ತಾಳೆ.

ಆ. ಬರುವುದಿಲ್ಲ. ಬಹಳ ವರ್ಷದ ಮೇಲೆ ಪಾಂಡವಪುರದ ಬಸ್ಸಿನಲ್ಲಿ ಮಗು ಎತ್ತಿಕೊಂಡವಳೊಬ್ಬಳು "ಕೂತ್ಕಳಿ ಮಿಸ್" ಎಂದು ಎದ್ದು ಸೀಟು ಕೊಡುತ್ತಾಳೆ.

ಇ. ಇಬ್ಬರೂ ಒಂದೇ ಪಂಚಾಯ್ತಿಗೆ ನಿಂತು ಗೆಲ್ಲುತ್ತಾರೆ. (ಇದು ನನಗೇ ಅತಿಯಾಯಿತು.)

"ನಾಟಿನೇ ಮುಗ್ದಿಲ್ಲ, ಕಥೆ ಮುಗಿಸ್ತೀರಲ್ಲ ಮಿಸ್," ಅಂದಳು ಸಿದ್ದಲಿಂಗಮ್ಮ.

ಸರಿ. ಹಾಗಾದರೆ ಬದುವಿಗೇ ವಾಪಸ್.

ಊಟದ ಹೊತ್ತು. ಎಲ್ಲರೂ ನಾಲೆಯಲ್ಲಿ ಕೈ ತೊಳೆದು ಬಂದು ಕೂತಿದ್ದರು. ಪ್ರಿಯಾಂಕ ಊಟ ತಂದಿರಲಿಲ್ಲ. ಸ್ವಲ್ಪ ದೂರ ಕೂತು ಕಾಲಿನ ಕೆಸರು ಕೆರೆಯುತ್ತಿದ್ದಳು.

"ಬೋರ್ಡಲ್ಲಿ ಆ ಪದ ಇನ್ನೂ ಐತಾ?" ಸಿದ್ದಲಿಂಗಮ್ಮ ಯಾರ ಮುಖವನ್ನೂ ನೋಡದೆ ಕೇಳಿದಳು.

"ಐತೆ. ನಾನು ಅಳಿಸಕ್ಕೆ ಬಿಟ್ಟಿಲ್ಲ. ಪಕ್ಕದಲ್ಲಿ ಅರ್ಥ ಬರೀಬೇಕಲ್ಲ," ಅಂದಳು ಪ್ರಿಯಾಂಕ.

"ಬರಿ ಮತ್ತೆ."

"ನಂಗೆ ಬರಲ್ಲ. ನೀನೇ ಬಂದು ಬರಿ."

ಸಿದ್ದಲಿಂಗಮ್ಮ ಅವ್ವನ ಕಡೆ ನೋಡಿದಳು. ನಾನೂ ನೋಡಿದೆ. ನೀವೂ ನೋಡುತ್ತಿದ್ದೀರಿ ಅಂತ ಗೊತ್ತು. 'ನೋಡಾನ' ಅನ್ನಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

ಪುಟ್ಟಲಕ್ಷ್ಮಮ್ಮ ಹಾಗೆ ಅನ್ನಲಿಲ್ಲ. ತನ್ನ ಮುದ್ದೆಯನ್ನು ಮುರಿದು ಅರ್ಧವನ್ನು ಡಬ್ಬಿಯ ಮುಚ್ಚಳಕ್ಕೆ ಹಾಕಿ, ಹುರುಳಿ ಸಾರು ಬಿಟ್ಟಳು. ಅದನ್ನು ದಾಟಿಸಲು ಕೈ ಚಾಚಿದಾಗ ನನ್ನ ಮೂಗಿಗೆ ಬಂದದ್ದು ಸಾರಿನ ವಾಸನೆಯಲ್ಲ. ಅರ್ಧ ಹಸಿರು, ಅರ್ಧ ಕೆಸರು. ಮುಚ್ಚಳ ನನ್ನನ್ನು ದಾಟಿ, ಮಗಳನ್ನು ದಾಟಿ, ದೂರ ಕೂತಿದ್ದ ಪ್ರಿಯಾಂಕಳ ಕೈ ಸೇರಿತು.