ಸಮಾಧಾನದ ದನಿ

ಹಾಸ್ಟೆಲ್ ಹುಡುಗಿಯರ ಕಣ್ಣು ಒಬ್ಬೊಬ್ಬರದಾಗಿ ಹಳದಿಯಾಗತೊಡಗಿದಾಗ ವಿಶ್ವವಿದ್ಯಾಲಯಕ್ಕೆ ಕಾಯಂ ಕುಲಪತಿಯೇ ಇರಲಿಲ್ಲ. ಹಿಂದಿನವರು ನಿವೃತ್ತರಾಗಿದ್ದರು, ಮುಂದಿನವರು ಯಾರೆಂಬ ಹಗ್ಗಜಗ್ಗಾಟ ನಡೆದೇ ಇತ್ತು. ಹಿರಿತನದ ಲೆಕ್ಕದಲ್ಲಿ ಆ ಕುರ್ಚಿ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿಯ ಪಾಲಿಗೆ ಬಂದಿತ್ತು. ಬೇಡವೆಂದರೂ ಬಿಡದೆ ಕೂರಿಸಿದ್ದರು.

ನಲ್ಲಿ ನೀರನ್ನು ಅವಳು ತನ್ನ ಪ್ರಯೋಗಾಲಯದಲ್ಲೇ ಪರೀಕ್ಷಿಸಿದಳು. ನೆಲದಡಿಯ ಹಳೆಯ ಕೊಳವೆಗೆ ಚರಂಡಿ ಸೇರುತ್ತಿತ್ತು. ಮೊದಲ ಸಭೆಯಲ್ಲಿ ಮೆಲ್ಲಗೆ ಹೇಳಿದಳು. "ಕೇಳಿಸ್ತಿಲ್ಲ ಮೇಡಂ" ಎಂದು ಯಾರೋ ಅಂದರು, ಅಷ್ಟರಲ್ಲಿ ಮಾತು ಪರೀಕ್ಷಾ ವೇಳಾಪಟ್ಟಿಗೆ ಹೊರಳಿತು. ಎರಡನೆಯ ಸಭೆಯಲ್ಲಿ ಮೇಜು ತಟ್ಟಿ ಹೇಳಿದಳು: "ಹಾಸ್ಟೆಲ್ ಇವತ್ತೇ ಮುಚ್ಚಬೇಕು!"

ಕುಲಸಚಿವರು ತಮ್ಮ ಮುಂದಿದ್ದ ಬಾಟಲಿಯನ್ನು ಅವಳತ್ತ ಸರಿಸಿ, "ಮೊದಲು ಸ್ವಲ್ಪ ನೀರು ಕುಡೀರಿ ಮೇಡಂ" ಎಂದರು. ಇಡೀ ಸಭೆ ನಕ್ಕಿತು. "ಹೀಗೆ ಕೂಗಾಡಿದ್ರೆ ಹೊರಗಿನವರು ಏನು ತಿಳ್ಕೋತಾರೆ? ನೀವೊಬ್ಬ ತಾಯಿ ಥರ ಧೈರ್ಯ ಹೇಳಿ ಸಾಕು."

"ಧೈರ್ಯ ಹೇಳಿದ್ರೆ ಕೊಳವೆ ರಿಪೇರಿ ಆಗುತ್ತಾ ಸಾರ್?"

ಕುಲಸಚಿವರು ಮುಂದಿನ ವಿಷಯ ಓದತೊಡಗಿದರು. ಹೊರಬಂದ ಕುಲಪತಿ ನೆಟ್ಟಗೆ ಹಾಸ್ಟೆಲ್ ಅಂಗಳಕ್ಕೆ ಹೋಗಿ ಮೈಕು ಹಿಡಿದಳು. ಮುಂದಿನ ಸಾಲಿನಲ್ಲೇ ಅವಳ ಅಕ್ಕನ ಮಗಳು ನಿಂತಿದ್ದಳು. ಬಾಯಿಗೆ ಬಿಡುವೇ ಇಲ್ಲದ ಹುಡುಗಿಯೆಂದು ಮನೆಯಲ್ಲೆಲ್ಲ ಅವಳಿಗೆ ಚಿನಕುರುಳಿ ಎಂದೇ ಹೆಸರು.

"ನಲ್ಲಿ ನೀರಿಗೆ ಚರಂಡಿ ಸೇರ್ತಿದೆ. ನಾನೇ ಪರೀಕ್ಷೆ ಮಾಡಿದೀನಿ. ಬಟ್ಟೆಬರೆ ಕಟ್ಕೊಂಡು ಮನೆಗೆ ಹೋಗಿ. ಇಷ್ಟು ತಡ ಆಗಿದ್ದು ನಮ್ಮ ತಪ್ಪು..." ಅಷ್ಟು ಹೇಳುವಷ್ಟರಲ್ಲಿ ಬಿಕ್ಕತೊಡಗಿದಳು. ಎಷ್ಟು ತಡೆದರೂ ಅಳು ನಿಲ್ಲಲಿಲ್ಲ.

ಹುಡುಗಿಯರು ನಗಲಿಲ್ಲ. ಸದ್ದಿಲ್ಲದೆ ಹೋಗಿ ಗಂಟುಮೂಟೆ ಕಟ್ಟಿದರು. ಆದರೆ ಊರಿಗೆಲ್ಲ ಹರಡಿದ ವಿಡಿಯೋದಲ್ಲಿ ಅವಳ ಮಾತೇ ಇರಲಿಲ್ಲ, ಬರೀ ಬಿಕ್ಕುವುದಿತ್ತು. "ಅಳುಮುಂಜಿ ಕುಲಪತಿ" ಎಂದು ಅದಕ್ಕೆ ತಲೆಬರಹ. ಗೇಟಿನ ಮುಂದೆ ಪೋಷಕರು ಮುಗಿಬಿದ್ದರು. ಗಾಬರಿ ಹಬ್ಬಿಸಿದ ಆರೋಪ ಹೊರಿಸಿ ಆಡಳಿತ ಮಂಡಳಿ ಅವಳನ್ನು ಇಳಿಸಿತು, ಕುಲಸಚಿವರಿಗೆ ಪ್ರಭಾರ ವಹಿಸಿತು.

ಅವರು ಟೀವಿಯಲ್ಲಿ ಒಂದು ಎಳೆಯೂ ನಡುಗದ ದನಿಯಲ್ಲಿ ಮಾತಾಡಿದರು. "ಪರಿಸ್ಥಿತಿ ಹತೋಟಿಯಲ್ಲಿದೆ. ಟ್ಯಾಂಕು ತೊಳೆಸಿದ್ದೇವೆ. ಮಕ್ಕಳು ವಾಪಸ್ ಬರಬಹುದು." ಟ್ಯಾಂಕು ತೊಳೆಸಿದ್ದು ನಿಜ. ಕೊಳವೆಯ ಸುದ್ದಿಗೆ ಯಾರೂ ಹೋಗಿರಲಿಲ್ಲ.

ಮರುದಿನ ಅಕ್ಕನ ಫೋನು ಬಂತು. "ಚಿನಕುರುಳೀನ ಬಸ್ ಹತ್ತಿಸಿದೆ ಕಣೇ. ಪರೀಕ್ಷೆ ಹತ್ರ ಬಂತಲ್ಲ."

"ಅಕ್ಕಾ, ಬೇಡ! ನೀರು ಇನ್ನೂ ಹಾಗೇ ಇದೆ. ನಿನ್ನ ಕಾಲಿಗೆ ಬೀಳ್ತೀನಿ, ಅವಳನ್ನ ವಾಪಸ್ ಕರೆಸು."

"ಅವರು ಎಷ್ಟು ಸಮಾಧಾನವಾಗಿ ಹೇಳಿದ್ರು ನೋಡಿದ್ಯಾ? ನೀನು ಚಿಕ್ಕಂದಿನಿಂದ್ಲೂ ಹೀಗೇ, ಎಲ್ಲದಕ್ಕೂ ಹೆದರ್ತೀಯ. ಕುರ್ಚಿ ಹೋದ ಬೇಜಾರು ನಂಗೂ ಅರ್ಥ ಆಗುತ್ತೆ ಬಿಡು."

ತಂಗಿ ಬಸ್ ನಿಲ್ದಾಣಕ್ಕೇ ಓಡಿದಳು. ಚಿನಕುರುಳಿ ಚಿಕ್ಕಮ್ಮನನ್ನು ತಬ್ಬಿಕೊಂಡು, "ಕುಡಿಯೋ ನೀರು ಹೊರಗಿಂದ ತಗೋತೀನಿ ಚಿಕ್ಕಮ್ಮ, ಪ್ರಾಮಿಸ್" ಎಂದಳು. ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಆದರೆ ಹಲ್ಲುಜ್ಜುವುದು, ತಟ್ಟೆ ತೊಳೆಯುವುದು ಅದೇ ನಲ್ಲಿಯಲ್ಲಿ ಅಲ್ಲವೇ.

ಪರೀಕ್ಷೆ ಮುಗಿಯುವ ಮುನ್ನವೇ ಹುಡುಗಿ ಹಾಸಿಗೆ ಹಿಡಿದಳು. ಆಮೇಲೆ ಪ್ರಜ್ಞೆ ತಪ್ಪಿತು. ಯಕೃತ್ತು ಕೈಕೊಟ್ಟಿದೆ ಎಂದರು ವೈದ್ಯರು. ಆಸ್ಪತ್ರೆಗೆ ಬಂದ ಹೊಸ ಪ್ರಭಾರಿಗಳು ಅದೇ ದನಿಯಲ್ಲಿ ನಾಲ್ಕು ಮಾತು ಹೇಳಿದರು, ಅಕ್ಕ ಅವರಿಗೆ ಕೈಮುಗಿದಳು. ಅವರ ಕಾರು ಗೇಟು ದಾಟಿದ ಮೇಲೆ ನರ್ಸ್ ಬಂದು ಅಕ್ಕನನ್ನು ಒಳಗೆ ಕರೆದಳು. ಎಲ್ಲ ಮುಗಿದಿತ್ತು.

ಹೊರಗಿನ ಬೆಂಚಿನ ಮೇಲೆ ಕುಸಿದ ಅಕ್ಕ ತಂಗಿಯತ್ತ ತಿರುಗಿದಳು.

"ಅವತ್ತು ಮೈಕಿನ ಮುಂದೆ ಯಾಕೆ ಅತ್ಬಿಟ್ಟೆ ನೀನು? ಅಳದೆ ಹೇಳಿದ್ರೆ ನಂಬ್ತಿದ್ದೆ ಕಣೇ."

ತಂಗಿ ಪಕ್ಕದಲ್ಲಿ ಕೂರಲು ಹೋದಳು. ಅಕ್ಕ ಎದ್ದು ಆಚೆ ಬೆಂಚಿಗೆ ಹೋಗಿ ಕೂತಳು.