ಒಂದು ಮುಷ್ಟಿ ಬಿಟ್ಟು

ಕತ್ತಿಗೆ ಏನೋ ಟಕ್ ಎಂದು ತಾಗಿತು, ಕಲ್ಲಲ್ಲ, ಕಲ್ಲಿನ ಸದ್ದು ಬೇರೆ, ವಿನಯಾ ಬಗ್ಗಿದಲ್ಲೇ ಕೈ ತಡೆದಳು, ಕೊಟ್ಟಿಗೆಯಲ್ಲಿ ಗೌರಿ ಕೂಗುತ್ತಿದೆ, ಒಲೆಯ ಮೇಲೆ ಹಾಲಿದೆ, ಒಂಬತ್ತಕ್ಕೆ ಶಾಲೆಯ ವ್ಯಾನು — ಕಡ್ಡಿ, ಪೊರಕೆಯ ಹಿಡಿಕಡ್ಡಿ, ನಾಲ್ಕು ದಿನದ ಹಿಂದೆ ತಾನೇ ಕೊಯ್ದ ಹುಲ್ಲಿನ ಪಕ್ಕಕ್ಕೆ ಯಾರೋ ನೆಟ್ಟಿದ್ದಾರೆ, ಅದಕ್ಕೊಂದು ಕೆಂಪು ನೂಲು, ನೂಲಿನ ಗಂಟು ಸರಿಯಾಗಿ ಒಂದು ಮುಷ್ಟಿ ಎತ್ತರದಲ್ಲಿ, ಅಂದು ಕತ್ತಿ ಹೋದ ಎತ್ತರದಲ್ಲಿ — ಯಾರೋ ಎಂದರೆ ಯಾರು, ಇದು ಮಗಳು ದೀಪ್ತಿಯ ಜಡೆಯ ರಿಬ್ಬನ್ನಿನ ಎಳೆ.

ಮುಷ್ಟಿ ಬಿಡಲು ಕಲಿಸಿದವಳು ಕೆಲಸಕ್ಕೆ ಬರುವ ಹಾಲಮ್ಮ, ಮದುವೆಯಾಗಿ ಬಂದ ವರ್ಷ, ಮನೆಯ ಹಿಂದಿನ ಇದೇ ಹುಲ್ಲಿನ ಬ್ಯಾಣದಲ್ಲಿ, ಬೇಸಿಗೆಗೆಂದು ಒಣಹುಲ್ಲು ಮಾಡುವಾಗ, ನೆಲ ನೆಕ್ಕಂಗೆ ಕೊಯ್ಬ್ಯಾಡ್ರಿ ಅಮ್ಮಾ, ಮೊದ್ಲು ಮುಷ್ಟಿ ಊರಿ ಅಳತೆ ನೋಡ್ರಿ, ಇಲ್ದಿದ್ರೆ ಹುಲ್ಲು ನಿಮ್ ಮ್ಯಾಲೆ ಸಿಟ್ಟು ಮಾಡ್ಕತ್ತದೆ — ಗಂಡ ಮಧುಸೂದನನಿಗೆ ಈ ಮುಷ್ಟಿಯ ಲೆಕ್ಕವೆಂದರೆ ನಗು, ಈಚೆಗೆ ಸಾಗರ ಪೇಟೆಯಿಂದ ಹುಲ್ಲು ಕೊಯ್ಯುವ ಮಷಿನ್ನು ತಂದ, ಅರ್ಧ ಗಂಟೆಯಲ್ಲಿ ಕೆಳಗಿನ ತುಂಡನ್ನು ಮಣ್ಣು ಕಾಣುವ ಹಾಗೆ ಬೋಳಿಸಿದ, ನೋಡೇ, ಹ್ಯಾಂಗೆ ಚೊಕ್ಕ ಆತು, ಕ್ರಿಕೆಟ್ ಆಡ್ಲಕ್ಕು! ಆಡು, ಗೌರಿಗೆ ಚೆಂಡು ತಿನ್ಸು, ಎಂದಿದ್ದಳು ವಿನಯಾ, ಆದರೆ ಅದೇ ದಿನ ಮಧ್ಯಾಹ್ನ ಅವಳೂ ಮಷಿನ್ನೇ ಆದಳಲ್ಲ, ತೀರ್ಥಹಳ್ಳಿಯಿಂದ ದೊಡ್ಡಜ್ಜ ಬಂದಿದ್ದರು, ಎಲೆಯ ಮುಂದೆ ಕೂತಿದ್ದರು, ಏಳು ವರ್ಷದ ದೀಪ್ತಿ ಅವರ ಬಾಯನ್ನೇ ನೋಡುತ್ತ, ದೊಡ್ಡಜ್ಜ, ನಿನ್ನ ಹಲ್ಲು ರಾತ್ರಿ ಎಲ್ಲಿ ಮಲಗ್ತು? ಪಂಕ್ತಿಗೆ ಪಂಕ್ತಿಯೇ ನಕ್ಕಿತು, ದೊಡ್ಡಜ್ಜ ನಗಲಿಲ್ಲ, ಹುಳಿಯ ಸೌಟು ಹಿಡಿದ ವಿನಯಾ ಎಲ್ಲರೆದುರು ಕೂಗಿದಳು, ಬಾಯಿ ಮುಚ್ಚು, ಇನ್ನು ಒಂದೂ ಪ್ರಶ್ನೆ ಕೇಳಡ.

ಮಗು ಮತ್ತೆ ಒಂದೂ ಪ್ರಶ್ನೆ ಕೇಳಲಿಲ್ಲ. ಅಂದಿನಿಂದ ಇಪ್ಪತ್ತಮೂರು ದಿನ, ಇರುವೆಗೆ ಅಜ್ಜಿ ಇರ್ತಾ ಎಂದು ಹಾಸಿಗೆಯಿಂದಲೇ ಶುರು ಮಾಡುತ್ತಿದ್ದ ಮಗು, ಹೇಳಿದ್ದನ್ನು ಮಾಡುತ್ತದೆ, ಬಡಿಸಿದ್ದನ್ನು ಉಣ್ಣುತ್ತದೆ, ಕೇಳು ಮಗಾ, ಎಂತಾದ್ರೂ ಕೇಳು, ಅಮ್ಮಂದೇ ತಪ್ಪು ಎಂದು ತಲೆ ಬಾಚುವಾಗ ಹೇಳಿದರೂ, ಎಂತೂ ಇಲ್ಲೆ, ಅಷ್ಟೇ — ಹುಲ್ಲಿಗೆ ಮುಷ್ಟಿ ಬಿಟ್ಟವಳು ಮಗಳಿಗೆ ಬಿಡಲಿಲ್ಲ, ಬುಡಕ್ಕೇ ಕತ್ತಿ ಹಾಕಿದೆನೇ, ಇನ್ನು ಚಿಗುರದ ಹಾಗೆ?

ಆದರೆ ಈ ಕಡ್ಡಿ. ಗಂಟಿನ ಮೇಲೆ ನಾಲ್ಕು ಬೆರಳು ಎದ್ದಿದೆ ಹುಲ್ಲು, ನಡುವಿನ ಎಲೆ, ಅದರ ತುದಿ ಚೂಪಾಗಿಲ್ಲ, ಮೊಂಡು, ಕತ್ತಿ ತಾಗಿದಲ್ಲಿ ಒಣಗಿ ಕಂದಾದ ಮೊಂಡು ತುದಿ, ಗಾಯವನ್ನು ತಲೆಯ ಮೇಲೆ ಹೊತ್ತು ಎದ್ದ ಹಾಗೆ — ಬಾಯಿಲ್ಲದೆ ಕೇಳುತ್ತಲೇ ಇದ್ದಾಳೆ ಹುಡುಗಿ, ದಿನವೂ ಬಂದು ಅಳೆಯುತ್ತಿದ್ದಾಳೆ! ವಿನಯಾ ಕತ್ತಿ ಬಿಸಾಕಿ ಕೆಳಗಿನ ತುಂಡಿಗೆ ಓಡಿದಳು, ಅಲ್ಲೂ ಇರಬೇಕು, ಇದೆ, ಬೋಳು ಮಣ್ಣಿನಲ್ಲಿ ಇನ್ನೊಂದು ಕಡ್ಡಿ, ನೂಲು ನೆಲಕ್ಕೇ ಕಟ್ಟಿದ್ದು, ಪಕ್ಕದಲ್ಲಿ ಸೂಜಿಯಷ್ಟು ತೆಳು, ಸೂಜಿಯಷ್ಟು ನೆಟ್ಟಗೆ, ಹಸಿರು, ತಡವಾಗಿ ಬಂದಿದೆ, ಆದರೆ ಬಂದಿದೆ, ಬೋಳಿಸಿದಲ್ಲೂ ಬಂದಿದೆ, ಅಡುಗೆಮನೆಯಿಂದ ಹಾಲು ಉಕ್ಕಿ ಸೀದ ವಾಸನೆ, ಉಕ್ಕಲಿ, ಹಿಂದೆ ಕಾಲಿನ ಸಪ್ಪಳ, ತಿರುಗಬಾರದು, ಅವಸರ ಮಾಡಬಾರದು, ಮುಷ್ಟಿಯಷ್ಟು ಬಿಡಬೇಕು, ಬಿಟ್ಟಳು, ಒಂದು ಜಡೆ ಹೆಣೆದು ಒಂದು ಬಿಚ್ಚಿದ ದೀಪ್ತಿ ಅವಳ ಕೈಹಿಡಿದು ಮತ್ತೆ ಮೇಲಿನ ಕಡ್ಡಿಯ ಬಳಿಗೇ ಎಳೆದು ಕೂರಿಸಿದಳು, ಆ ಮೊಂಡು ತುದಿಯ ಮೇಲೆ ಬೆರಳಿಟ್ಟಳು, ತುಟಿ ಒಮ್ಮೆ ಅಲುಗಿತು, ನಿಂತಿತು, ಮೊಂಡು ತುದಿ, ಕಂದು, ಗಂಟಿನಿಂದ ನಾಲ್ಕು ಬೆರಳು ಮೇಲೆ —

ಅಮ್ಮಾ, ನೀ ಕೊಯ್ದ ತುದಿ ಇಷ್ಟು ಮೇಲೆ ಹೋಗಿದ್ದು ಹ್ಯಾಂಗೆ? ಕೆಳಗಿಂದ ಯಾರು ದೂಡ್ತ?