ಕಿವಿಗಲ್ಲು

ವಿಶಾಖಪಟ್ಟಣದ ಗಾಜುವಾಕದ ಮನೆಯ ಫ್ರೀಜರಿನೊಳಗೆ ಧನ್ಯಾ ಮೊಣಕೈವರೆಗೆ ಕೈಯಾಡಿಸಿದಳು. ಬಟಾಣಿ ಸಿಕ್ಕಿತು, ತೆಂಗಿನತುರಿ ಸಿಕ್ಕಿತು. ಮೀನಿನ ತಲೆ ಮಾತ್ರ ತಲೆಮರೆಸಿಕೊಂಡಿತ್ತು.

ಪ್ರಯೋಗಾಲಯದ ಫ್ರೀಜರ್ ಕೆಟ್ಟಿತೆಂದು ಎರಡು ದಿನದ ಮಟ್ಟಿಗೆ ತಂದಿಟ್ಟ ತಲೆ ಅದು. ಊರಾಚೆಯ ಆಳಗಡಲಲ್ಲಿ ಗಾಳಕ್ಕೆ ಬಿದ್ದ ಕೆಂಪು ಸ್ನ್ಯಾಪರ್ ಮೀನಿನದು. ಅವಳ ಸಂಶೋಧನೆಗೆ ಸಿಕ್ಕವುಗಳಲ್ಲೆಲ್ಲ ದೊಡ್ಡದು. ಮಬ್ಬು ನೀರಿನಲ್ಲಿ ನಿಧಾನವಾಗಿ ಬೆಳೆಯುವ ಈ ಜಾತಿ ವರ್ಷಕ್ಕೊಂದು ಉಂಗುರದಂತೆ ತನ್ನ ವಯಸ್ಸನ್ನು ಕಿವಿಯೊಳಗಿನ ಕಲ್ಲಿನಲ್ಲಿ ಬರೆದುಕೊಳ್ಳುತ್ತದೆ. ಇದು ನಮ್ಮಮ್ಮನಷ್ಟು ವಯಸ್ಸಿನವರೆಗೂ ಬದುಕಬಲ್ಲದು ಎಂದು ಧನ್ಯಾ ವಾದಿಸಿದ್ದಳು. ಗೈಡ್ ನಕ್ಕಿದ್ದರು. ಆ ನಗೆಗೆ ಉತ್ತರ ಈ ತಲೆಯೊಳಗಿತ್ತು.

ಅಮ್ಮ ಗಿರಿಜಾ ಬೆಳಿಗ್ಗೆಯೇ ವಿಜಯವಾಡದ ರೈಲು ಹತ್ತಿದ್ದರು, ಮಗ ವರುಣನ ಮನೆಗೆ. ಅವರ ಕೈಯಲ್ಲಿ ಸ್ಟೀಲ್ ಕ್ಯಾರಿಯರ್ ಇದ್ದದ್ದು ಧನ್ಯಾಳಿಗೆ ನೆನಪಾಯಿತು. ವೀಡಿಯೊ ಕರೆ ಮಾಡಿದಳು.

"ಕೆಂಪ್ ಕಣ್ಣ್ ಬಿಟ್ಕಂಡ್ ನನ್ನೇ ಕಾಂತಿತ್ತ್ ಮಾರಾಯ್ತಿ," ಎಂದರು ಕುಂದಾಪುರದ ಗಿರಿಜಾ. "ಅಂಥಾ ತಲೆ ಹಾಳ್ ಮಾಡುಕಾತ್ತಾ? ಸಾರ್ ಮಾಡಿ ತಂದೆ."

ತಲೆಯನ್ನು ನಡುವೆ ಸೀಳಿ ಎರಡು ಹೋಳು ಮಾಡಿದ್ದರಂತೆ, ಅಂದರೆ ಹೋಳಿಗೊಂದು ಕಿವಿಗಲ್ಲು. ಒಂದನ್ನು ವರುಣ್ ಮುಗಿಸಿದ್ದ. ನಡುವೆ ಹಲ್ಲಿಗೆ ಕಲ್ಲು ಸಿಕ್ಕಿ ಕಟಕ್ಕೆಂದಾಗ, ಅಕ್ಕಿ ಅಂಗಡಿಯವನನ್ನು ಬೈದು ಉಗುಳಿದ್ದನಂತೆ. ಈಗ ವಿಷಯ ತಿಳಿದವನೇ ಗೈಡ್ ದನಿಯಲ್ಲಿ, ಮೂಗಿನಿಂದ, ಮೀನಿನ ಆತ್ಮಕ್ಕೆ ಸಂತಾಪ ಸೂಚಿಸಿದ. ಗೈಡರನ್ನು ಅವನು ಕಂಡವನೇ ಅಲ್ಲ. ಆ ದನಿಯನ್ನು ಅವನಿಗೆ ಕಲಿಸಿದವಳು ಧನ್ಯಾಳೇ. ಇವತ್ತು ಅವಳಿಗೆ ನಗು ಬರಲಿಲ್ಲ.

ಇನ್ನೊಂದು ಹೋಳು ವರುಣನ ಹೆಂಡತಿ ಶ್ರಾವ್ಯಾಳ ಪಾಲಿನದು. ಅತ್ತೆಗೆ ಬೇಸರವಾದೀತೆಂದು ಬೇಡವೆನ್ನಲಾರದೆ, ಆಮೇಲೆ ತಿನ್ನುತ್ತೇನೆಂದು ಅವಳು ಅದನ್ನು ಕ್ಯಾರಿಯರಿನ ತಳದಲ್ಲೇ ಬಿಟ್ಟಿದ್ದಳು.

"ಹುಳಿ ಹಾಕಿದ್ಯಾ ಅಮ್ಮಾ?" ಧನ್ಯಾ ಕೇಳಿದಳು. ಕುದಿತಕ್ಕೆ ಆ ಕಲ್ಲು ಜಗ್ಗದು. ಹುಳಿ ತಾಗಿದರೆ ಅಂಚು ಸವೆದುಹೋಗುತ್ತದೆ.

"ಹುಳಿ ಇಲ್ದೆ ಸಾರ್ ಆತ್ತಾ?"

ಗಿರಿಜಾ ಹೋಳನ್ನು ತಟ್ಟೆಗೆ ತೆಗೆದು, ಧನ್ಯಾ ಹೇಳಿದ ಕಡೆ ಬುರುಡೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸಿದರು. ಕಿವಿಯ ಎಲುಬುಗೂಡಿನೊಳಗೆ ಸಾರು ಇಳಿದಿರಲಿಲ್ಲ. ಕುಂಬಳಬೀಜದಂಥ ಬಿಳಿ ಕಲ್ಲೊಂದು ಅವರ ಅಂಗೈಗೆ ಜಾರಿತು. ಶ್ರಾವ್ಯಾ ಫೋನನ್ನು ಹತ್ತಿರ ಹಿಡಿದಳು. ಅಂಚಿನ ಸಣ್ಣ ಸಣ್ಣ ಕಚ್ಚುಗಳೆಲ್ಲ ಹಾಗೇ ಇದ್ದವು. ಎಲ್ಲೂ ಸವೆದಿಲ್ಲ, ಮುಕ್ಕಾಗಿಲ್ಲ.

ಧನ್ಯಾ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಈಗ ಅವಳಿಗೂ ಗೈಡ್ ದನಿ ಬಂತು, ಮೂಗಿನಿಂದಲೇ. ಆಚೆಯಿಂದ ವರುಣ್ ಅದೇ ದನಿಯಲ್ಲಿ ಉತ್ತರ ಕೊಟ್ಟ.

ಅಷ್ಟರಲ್ಲಿ ಗಿರಿಜಾ ಕಲ್ಲನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಚೀಲದಿಂದ ಓಲೆಯ ಡಬ್ಬಿ ತೆಗೆದಿದ್ದರು. ಓಲೆಗಳನ್ನು ಕಿವಿಗೆ ಸಿಕ್ಕಿಸಿಕೊಂಡು, ಗುಲಾಬಿ ಹತ್ತಿಯ ಮೇಲೆ ಕಲ್ಲನ್ನಿಟ್ಟು, ಮೆಲ್ಲಗೆ ಮುಚ್ಚಳ ಒತ್ತಿದರು.